ಅಮಾಸಿ ದಿನದ ಕೂರಿಗೆ

ನೌಬಾದದ ರಸ್ತೆಯಲ್ಲಿ ಬೀದರಿನ ಕಡೆ ಹೋಗುವ ಗಾಡಿಗಳ ಮೊದಲ ಸಾಲು ಇನ್ನೂ ಬಂದಿಲ್ಲ. ಬೇವಿನ ಮರದ ಕೆಳಗಿನ ತಗಡಿನ ಚಪ್ಪರದಲ್ಲಿ ವೈಜಿನಾಥ ಪಾಂಚಾಳ ತಮ್ಮ ಹತಾರಗಳಿಗೆ ಸ್ನಾನ ಮಾಡಿಸುತ್ತಿದ್ದಾರೆ. ಬಾಚಿ, ಉಳಿ, ಗರಗಸ, ಬೈರಿಗೆ. ಒಂದೊಂದನ್ನೇ ನೀರಲ್ಲಿ ಅದ್ದಿ, ಒರೆಸಿ, ಹಲಗೆಯ ಮೇಲೆ ಸಾಲಾಗಿ ಮಲಗಿಸುತ್ತಾರೆ. ವಿಭೂತಿ, ಕುಂಕುಮ, ಎರಡು ಊದಿನಕಡ್ಡಿ, ಒಂದು ಚೂರು ಬೆಲ್ಲ. ಆಮೇಲೆ ಹಳೆಯ ಧೋತರದ ತುಂಡನ್ನು ಮಗುವಿಗೆ ಹೊದಿಸಿದಂತೆ ಮೆಲ್ಲಗೆ ಹೊದಿಸುತ್ತಾರೆ. ಇವತ್ತು ಅಮಾಸಿ. ನಾಳೆ ಹೊತ್ತು ಹುಟ್ಟುವ ತನಕ ಆ ಬಟ್ಟೆ ಸರಿಯುವುದಿಲ್ಲ.

ಅಮಾಸಿಯಂದು ಬಡಿಗರು ಹತಾರ ಹಿಡಿಯದಿರುವುದು ಈ ಸೀಮೆಯಲ್ಲಿ ಮುತ್ತಜ್ಜರ ಕಾಲದ ಮಾತು. ತಿಂಗಳೆಲ್ಲ ದುಡಿದ ಕಬ್ಬಿಣಕ್ಕೂ ಒಂದು ದಿನದ ನಿದ್ದೆ ಬೇಡವೇ ಎಂದು ಹಿರಿಯರು ಕೇಳುತ್ತಿದ್ದರಂತೆ. ಆದರೆ ಮಿರಗದ ಮಳೆನಕ್ಷತ್ರ ಕೂಡಿ ಎರಡು ದಿನವಾಗಿದೆ, ಪಡುವಣದಲ್ಲಿ ಮೋಡ ಕಟ್ಟುತ್ತಿದೆ, ರಿಪೇರಿಗೆ ಬಂದ ಆರು ಕೂರಿಗೆಗಳು ಚಪ್ಪರದ ಹೊರಗೆ ಗೋಡೆಗೆ ಒರಗಿ ನಿಂತಿವೆ. ಬಿತ್ತನೆಯ ಈ ಹದಿನೈದು ದಿನ ವೈಜಿನಾಥರು ದಿನಕ್ಕೆ ನಾಲ್ಕು ಕೂರಿಗೆಗೆ ಹೊಸ ಕೊಳವೆ ಹಾಕಿಕೊಡುತ್ತಾರೆ. ನಸುಕಿನಲ್ಲೇ ಬಂದ ರೈತರೊಬ್ಬರು ಒಂದೇ ಒಂದು ಕೊಳವೆ ಕೂರಿಸಿಕೊಡಿ, ದೇವರು ಕಣ್ಣು ಮುಚ್ಚಿಕೊಂಡಾನು ಎಂದು ಗೋಗರೆಯುತ್ತಾರೆ.

"ನಾಳಿ ಮೊದಲ ನಿಮ್ದೇ ಹಿಡೀತೇನ್ರಿ. ಇವತ್ತ ನನ್ನ ಕೈ ನನ್ನವಲ್ಲ" ಎನ್ನುತ್ತಾರೆ ವೈಜಿನಾಥ. ರೈತರು ಗೊಣಗುತ್ತ ಹೋಗುತ್ತಾರೆ.

ಹತಾರ ಮಲಗಿದ ಮೇಲೆ ಅವರ ಇನ್ನೊಂದು ಕೆಲಸ ಏಳುತ್ತದೆ. ಮೂಲೆಯ ಸಂದೂಕಿನಿಂದ ಒಂದೊಂದೇ ಸಾಮಾನು ಹೊರಗೆ ಬರುತ್ತದೆ. ಹಗ್ಗಕ್ಕೆ ಪೋಣಿಸುವ, ನಿಂಬೆಹಣ್ಣಿನ ಗಾತ್ರದ ಬೇವಿನ ಗುಂಡುಗಳು. ಜೋಳ, ತೊಗರಿ, ಕಡಲೆ ಒಂದೊಂದೇ ಕೂರುವಂತೆ ಮೂರು ಅಳತೆಯ ಕುಳಿ ಕೊರೆದ ಹಲಗೆ. ಬೆರಳಿನಿಂದ ತಿರುಗಿಸುವ ಆರು ಅರೆಗಳ ಪುಟ್ಟ ಗಾಲಿ. ಕಂಬಳಿ, ಖಾದಿ, ಹಳೆ ಸೀರೆ, ಗೋಣಿತಟ್ಟು ಅಂಟಿಸಿದ ನಾಲ್ಕು ತುಂಡು ಹಲಗೆ, ಅಂಗೈಯಿಂದ ಸವರಿ ನೋಡಲು. ಕೊನೆಗೆ ಎರಡೂ ಕೈಯಲ್ಲಿ ಎತ್ತಿಕೊಂಡು ಬರುವುದು ಮಗುವಿನ ಎದೆಯೆತ್ತರದ ಒಂದು ಕೂರಿಗೆ. ಹೊಲದ ಕೂರಿಗೆಯಂತೆಯೇ ಮೇಲೊಂದು ಜಾಲಿಮರದ ಬಟ್ಟಲು, ಅದರಿಂದ ಇಳಿಯುವ ಮೂರು ಬಿದಿರ ಕೊಳವೆ. ಹೊಲದಲ್ಲಾದರೆ ಎತ್ತು ಎಳೆಯುತ್ತದೆ, ಹೆಣ್ಣುಮಗಳೊಬ್ಬಳು ಹಿಂದೆ ನಡೆಯುತ್ತ ಬಟ್ಟಲಿಗೆ ಕಾಳು ಬಿಡುತ್ತಾಳೆ, ಕಾಳು ಕೊಳವೆಯಲ್ಲಿ ಜಾರಿ ಮಣ್ಣು ಸೇರುತ್ತದೆ. ಇಲ್ಲಿ ಮಣ್ಣಿನ ಬದಲು ಕೊಳವೆಗೊಂದರಂತೆ ಮೂರು ಕುಡಿಕೆ. ಬಟ್ಟಲಿನ ಅಂಚಿಗೆ ಒಂದು ಬಿರುಕು ಬಿಟ್ಟಿದೆ. ಆ ಬಿರುಕು ಯಾವಾಗಲೂ ಮೂಡಣಕ್ಕೆ ಮುಖ ಮಾಡಿರಬೇಕು. ವೈಜಿನಾಥರು ಎರಡು ಸಲ ನೋಡಿ ಸರಿಮಾಡುತ್ತಾರೆ.

ಇದೆಲ್ಲ ಹನ್ನೊಂದು ಮಕ್ಕಳಿಗಾಗಿ. ಮೂರರಿಂದ ಏಳು ವರ್ಷದವರು. ಹೆಸರು ಹಿಡಿದು ಕರೆದರೆ ತಿರುಗುವುದಿಲ್ಲ, ಆದರೆ ಎರಡು ಹರದಾರಿ ದೂರದ ರೈಲಿನ ಸದ್ದಿಗೆ ಕಿವಿ ಮುಚ್ಚಿಕೊಳ್ಳುತ್ತಾರೆ. ಕಣ್ಣಿಗೆ ಕಣ್ಣು ಕೊಡುವುದಿಲ್ಲ. ಕಲ್ಲುಹರಳು ಸಾಲು ಹಚ್ಚಿ ಕೂತರೆ ಹೊತ್ತು ಮುಳುಗಿದರೂ ಏಳುವುದಿಲ್ಲ, ಯಾರಾದರೂ ಸಾಲು ಕೆಡಿಸಿದರೆ ಜೀವ ಹೋದಂತೆ ಚೀರುತ್ತಾರೆ. ತೋರಿಸಿದ ಡಾಕ್ಟರು ಕಿವಿ ಚೆನ್ನಾಗಿದೆ, ನಾಲಿಗೆ ಚೆನ್ನಾಗಿದೆ, ಔಷಧ ಮಾತ್ರ ನನ್ನ ಬಳಿ ಇಲ್ಲ ಎಂದರಂತೆ. ಇದಕ್ಕೊಂದು ಹೆಸರು ದೊಡ್ಡ ಊರಿನ ದೊಡ್ಡ ಪುಸ್ತಕದಲ್ಲಿ ಇದ್ದೀತು. ಓಣಿಯವರು ಹುಚ್ಚು ಎನ್ನುತ್ತಾರೆ, ಗಾಳಿ ಎನ್ನುತ್ತಾರೆ. ವೈಜಿನಾಥರು ಅಮಾಸಿ ಮಕ್ಕಳು ಎನ್ನುತ್ತಾರೆ. ಅಮಾಸಿಯಂದು ಬರುವವರು ಎಂಬಷ್ಟೇ ಅದರ ಅರ್ಥ.

ಇವತ್ತು ಸಾಮಾನು ಹೂಡುವ ಅವರ ಕೈಯಲ್ಲಿ ಎಂದಿನ ನಿಧಾನವಿಲ್ಲ. ಹನ್ನೊಂದು ಮಕ್ಕಳಲ್ಲಿ ಮೊದಲು ಬಂದವಳು, ಎಲ್ಲರಿಗಿಂತ ದೊಡ್ಡವಳು ಗೌಹರ. ಅವಳ ಸೋದರಮಾವ ಫಕ್ರೋದ್ದೀನ, ಭಾಲ್ಕಿ ಬಳಿಯ ಖಟಕ ಚಿಂಚೋಳಿ ಎಂಬ ಊರಿನಿಂದ ಹೊರಟಿದ್ದಾರೆ. ಭಾಲ್ಕಿಯಲ್ಲಿ ರೈಲು ಹಿಡಿದು ಒಂಬತ್ತಕ್ಕೆಲ್ಲ ಇಲ್ಲಿರುತ್ತಾರೆ. ಹುಡುಗಿಯನ್ನು ದೂರದ ಒಂದು ದರ್ಗಾಕ್ಕೆ ಒಯ್ದು ನಲವತ್ತು ದಿನ ಬಿಡುವುದಾಗಿ ಹರಕೆ ಹೊತ್ತಿದ್ದಾರೆ. ಅಲ್ಲಿ ಇಂಥವರು ಓಡಿಹೋಗದಂತೆ ಕಾಲಿಗೆ ಸರಪಳಿ ಹಾಕಿ ಕಂಬಕ್ಕೆ ಕಟ್ಟುವ ರೂಢಿ. ಸರಪಳಿ ಮನೆಯಿಂದಲೇ ತರಬೇಕು. ಗೌಹರಳ ತಾಯಿ ವಜೀರಬೀ ಆಗಲೇ ಬಂದು ಬೇವಿನ ಬುಡದಲ್ಲಿ ಕುಳಿತಿದ್ದಾರೆ. ನಿನ್ನೆಯಿಂದ ಅವರು ಊಟ ಮಾಡಿಲ್ಲವೆಂದು ವೈಜಿನಾಥರ ಹೆಂಡತಿ ರುಕ್ಮಿಣಿಬಾಯಿ ಹೇಳುತ್ತಾರೆ.

ಎಂಟು ವರ್ಷದ ಹಿಂದೆ ಸೈನ್ಯ ಬಂದು ನವಾಬಗಿರಿ ಮುಗಿಸಿದ ಪೊಲೀಸ್ ಆಕ್ಷನ್ನಿನ ಆ ಐದು ದಿನ, ಅದಕ್ಕೆ ಹಿಂದಿನ ಒಂದು ವರ್ಷ, ಅದರ ನಂತರದ ಕೆಲವು ವಾರ. ಈ ಸೀಮೆಯಲ್ಲಿ ಯಾರ ಬಾಳಿನ ಕತೆ ಹೇಳಹೊರಟರೂ ಅದು ಅಲ್ಲಿಗೆ ಬಂದು ಒಂದು ಗಳಿಗೆ ಕೂತು, ನೀರು ಕುಡಿದೇ ಮುಂದೆ ಹೋಗುತ್ತದೆ. ವೈಜಿನಾಥರದು ಔರಾದ ತಾಲೂಕಿನ ಚಿಂತಾಕಿ. ರಜಾಕಾರರ ಭಯಕ್ಕೆ ಊರು ಖಾಲಿಯಾದಾಗ ಹತಾರದ ಗಂಟು, ಹೆಂಡತಿ, ಒಂದು ಚೀಲ ಜೋಳ ಗಾಡಿಯಲ್ಲಿ ಹಾಕಿಕೊಂಡು ಗಡಿ ದಾಟಿದರು. ಮರಳಿ ಬಂದಾಗ ಚಪ್ಪರವಿದ್ದ ಜಾಗದಲ್ಲಿ ಬೂದಿಯಿತ್ತು. ಮರುವರ್ಷ ನೌಬಾದಕ್ಕೆ ಬಂದರು. ವಜೀರಬೀ ಭಾಲ್ಕಿ ಕಡೆಯವರು. ಆಕ್ಷನ್ ಮುಗಿಯಿತು, ಇನ್ನೇನು ನೆಮ್ಮದಿ ಎಂದು ಜನ ಅಂದುಕೊಳ್ಳುತ್ತಿದ್ದ ವಾರದಲ್ಲಿ ಅವರ ಗಂಡ ಬದ್ರೋದ್ದೀನ ಎತ್ತು ಹುಡುಕಿಕೊಂಡು ಹೊಲಕ್ಕೆ ಹೋದರು. ಎತ್ತಷ್ಟೇ ಮನೆಗೆ ಬಂದವು. ಗೌಹರ ಆಗ ಹೊಟ್ಟೆಯಲ್ಲಿ ಐದು ತಿಂಗಳು.

"ನಾವು ಓಡಿದ್ದು ಒಂದ ಸಲ, ಅವರು ಓಡಿದ್ದು ಇನ್ನೊಂದ ಸಲ. ದಾರಿ ಅದೇ ಇತ್ತ ನೋಡ್ರಿ" ಎನ್ನುತ್ತಾರೆ ವೈಜಿನಾಥ. ಆ ಕಾಲದ ಬಗ್ಗೆ ಅವರು ಆಡುವುದು ಇಷ್ಟೇ ಮಾತು.

ವಜೀರಬೀಗೆ ಬೀದರಿನ ಕಾಳಿನ ಪೇಟೆ ಗಂಜಿನಲ್ಲಿ ಕಾಳು ಹಸನು ಮಾಡುವ ಕೆಲಸ ಸಿಕ್ಕಿತು, ನೌಬಾದದಲ್ಲಿ ಬಿಡಾರ ಮಾಡಿದರು. ಮಗು ಪಕ್ಕದಲ್ಲಿ ಕೂತು ತೊಗರಿಯ ಕಾಳು ಸಾಲು ಹಚ್ಚುತ್ತಿತ್ತು. ಎರಡಾಯಿತು, ಮೂರಾಯಿತು, ಮಾತು ಬರಲಿಲ್ಲ. ಮೂರು ವರ್ಷದ ಹಿಂದೆ, ಗೌಹರಳಿಗೆ ನಾಲ್ಕು ತುಂಬಿದಾಗ, ಒಂದು ಬೆಳಿಗ್ಗೆ ವೈಜಿನಾಥರು ರಿಪೇರಿ ಮುಗಿದ ಕೂರಿಗೆಗೆ ಒಂದು ಹಿಡಿ ಜೋಳ ಸುರಿದು ಕೊಳವೆ ಕಟ್ಟಿದೆಯೋ ನೋಡುತ್ತಿದ್ದರು. ಎಲ್ಲಿಂದಲೋ ಬಂದ ಹುಡುಗಿ ಕೆಳಗೆ ಬಿದ್ದ ಕಾಳು ಒಂದೊಂದೇ ಆರಿಸಿ ಬಟ್ಟಲಿಗೆ ಹಾಕಿದಳು. ಹಾಕಿ, ಕೊಳವೆಗೆ ಕಿವಿ ಇಟ್ಟಳು. ಕಾಳು ಇಳಿಯುವ ಸದ್ದು ಮುಗಿಯುವ ತನಕ ಉಸಿರು ಹಿಡಿದು ನಿಂತಳು. ಮಗಳನ್ನು ಹುಡುಕುತ್ತ ಓಡಿಬಂದ ವಜೀರಬೀ ಅವಳು ಹಾಗೆ ಸುಮ್ಮನೆ ನಿಂತಿದ್ದನ್ನು ಅದೇ ಮೊದಲು ಕಂಡದ್ದು.

ಬಿರುಕು ಬಿಟ್ಟ ಹಳೆಯ ಬಟ್ಟಲೊಂದಕ್ಕೆ ಗಿಡ್ಡ ಕೊಳವೆ ಹಾಕಿ ವೈಜಿನಾಥರು ಅವಳ ಎತ್ತರಕ್ಕೊಂದು ಕೂರಿಗೆ ಮಾಡಿಕೊಟ್ಟರು. ಅವಳು ದಿನಾ ಬರತೊಡಗಿದಳು. ಅವರ ಪಾಡಿಗೆ ಅವರು ಕೆತ್ತುವುದು, ಅವಳ ಪಾಡಿಗೆ ಅವಳು ಕಾಳು ಬಿಡುವುದು. ಹದಿನೆಂಟನೆಯ ದಿನ ಅಮಾಸಿ ಬಂತು. ಹತಾರಕ್ಕೆ ಬಟ್ಟೆ ಹೊದಿಸಿತ್ತು, ಬಾಚಿಯ ಸದ್ದಿರಲಿಲ್ಲ. ಬಂದ ಗೌಹರ ಒಳಗೆ ಕಾಲಿಡದೆ ಚಪ್ಪರದ ಕಂಬಕ್ಕೆ ಹಣೆ ಚಚ್ಚಿಕೊಳ್ಳತೊಡಗಿದಳು. ಬಾಚಿ ಹಿಡಿದು ನಾಲ್ಕು ಏಟು ಹಾಕಿದರೆ ಸಾಕಿತ್ತು. ಬಡಿಗ ಅದೊಂದನ್ನು ಮಾಡಲಾರ.

"ಜೀವ ಎರಡಾತು ನೋಡ್ರಿ. ಈ ಕಡಿ ಧರ್ಮ, ಆ ಕಡಿ ಕೂಸಿನ ಹಣಿ" ಎಂದು ಅವರು ನೆನೆಯುತ್ತಾರೆ. "ಆವಾಗ ಈಕಿ ಒಳಗಿಂದ ಅಂದ್ಲು, ಉಳಿ ಮುಟ್ಟಬಾರದು ಅಂದಾರ, ಬೀಜ ಮುಟ್ಟಬಾರದು ಅಂತ ಯಾರಂದಾರ ಅಂತ."

ಈಕಿ ಎಂದರೆ ರುಕ್ಮಿಣಿಬಾಯಿ. ತವರಿನಲ್ಲಿ ಹನ್ನೆರಡನೆಯ ವಯಸ್ಸಿನಿಂದ ಕೂರಿಗೆಯ ಹಿಂದೆ ಕಾಳು ಬಿಟ್ಟ ಕೈ ಅದು. ಅವರು ಬಂದು ಕೂರಿಗೆಯ ಮುಂದೆ ಕುಳಿತು ಹೊಲದಲ್ಲಿ ಬಿಡುವ ಹಾಗೆಯೇ ಕಾಳು ಬಿಡತೊಡಗಿದರು. ಒಂದು ಕಾಳು, ಒಂದು ಉಸಿರು. ಮತ್ತೊಂದು ಕಾಳು, ಮತ್ತೊಂದು ಉಸಿರು. ಕರೆಯಲಿಲ್ಲ, ನೋಡಲೂ ಇಲ್ಲ. ಹತ್ತು ಕಾಳಾದ ಮೇಲೆ ಹಣೆ ಚಚ್ಚುವುದು ನಿಂತಿತು. ಇಪ್ಪತ್ತಾಗುವಷ್ಟರಲ್ಲಿ ಗೌಹರ ಪಕ್ಕದಲ್ಲಿದ್ದಳು. ರುಕ್ಮಿಣಿಬಾಯಿ ಒಂದು ಕಾಳು ಬಿಟ್ಟು ಕೈ ಮಡಿಚಿ ಕಾದರು. ಗೌಹರ ಒಂದು ಬಿಟ್ಟಳು. ಬಿಟ್ಟು ಅವಳೂ ಕಾದಳು. ತನ್ನ ನಂತರ ಇನ್ನೊಬ್ಬರ ಸರದಿ ಇದೆಯೆಂದು ಆ ಮಗು ಲೋಕವನ್ನು ಲೆಕ್ಕಕ್ಕೆ ಹಿಡಿದದ್ದು ಅಂದು.

ಹತಾರವಿಲ್ಲದೆ ಕೂತ ವೈಜಿನಾಥರು ಇಡೀ ದಿನ ಅದನ್ನೇ ನೋಡಿದರು. ಯಾವ ಕಾಳಿನ ಸದ್ದು ಅವಳಿಗೆ ಇಷ್ಟ, ಯಾವ ಬೆರಳಿನಿಂದ ಎತ್ತುತ್ತಾಳೆ, ಎಲ್ಲಿ ಸೋಲುತ್ತಾಳೆ. "ಕೆಲಸ ಮಾಡಾವ ನೋಡಂಗಿಲ್ರಿ. ಕೈ ಖಾಲಿ ಆದಾಗ ಕಣ್ಣು ಕೆಲಸಾ ಮಾಡ್ತಾವ" ಎನ್ನುತ್ತಾರೆ.

ನೋಡಿ ಕಲಿತದ್ದನ್ನು ಮರುತಿಂಗಳೇ ಕೆಡಿಸಿಕೊಂಡದ್ದನ್ನೂ ಅವರು ಮುಚ್ಚಿಡುವುದಿಲ್ಲ. ಬಿರುಕು ಬಿಟ್ಟ ಬಟ್ಟಲು ಕಣ್ಣಿಗೆ ಚುಚ್ಚುತ್ತಿತ್ತು. ಬಡಿಗನ ಮನೆಯಲ್ಲಿ ಮಗು ಒಡಕು ಸಾಮಾನಿನಲ್ಲಿ ಆಡುವುದೆಂದರೇನು? ಸಾಗವಾನಿ ತಂದರು. ಹತ್ತು ದಿನ ಕೂತು ಬಟ್ಟಲಿನ ಸುತ್ತ ಬಳ್ಳಿ ಕೆತ್ತಿ, ಹೊಳಪು ಕೊಟ್ಟು, ಎತ್ತಿನ ಕೊರಳಿಗೆ ಕಟ್ಟುವಂಥ ಗೆಜ್ಜೆ ಕಟ್ಟಿ, ಊರ ಗೌಡರ ಮನೆಗೆ ಒಪ್ಪಿಸುವಂಥ ಕೂರಿಗೆ ಮಾಡಿಟ್ಟರು. ಹಳೆಯದನ್ನು ಒಲೆಗೆ ಹಾಕೆಂದು ಹೆಂಡತಿಗೆ ಕೊಟ್ಟರು. ಗೌಹರ ಬಂದಳು, ಗೆಜ್ಜೆ ಕೇಳಿದಳು, ಎರಡೂ ಕಿವಿ ಮುಚ್ಚಿಕೊಂಡು ಚೀರುತ್ತ ರಸ್ತೆಗೆ ಓಡಿದಳು. ಗೆಜ್ಜೆ ಬಿಚ್ಚಿದರೂ ಅದನ್ನು ಮುಟ್ಟಲಿಲ್ಲ. ಒಂಬತ್ತು ದಿನ ಚಪ್ಪರದ ಕಡೆ ಸುಳಿಯಲಿಲ್ಲ, ಅನ್ನವನ್ನೂ ಬಿಟ್ಟಳು.

ವೈಜಿನಾಥರು ಹಣೆ ಹಣೆ ಬಡಿದುಕೊಂಡರು. ಹಳೆಯ ಬಟ್ಟಲು ಬೂದಿಯಾಗಿ ಒಂಬತ್ತು ದಿನವಾಗಿದೆಯೆಂದು ಅವರ ಎಣಿಕೆ. ಅದೇ ಬಿರುಕು, ಅದೇ ವಾಸನೆ, ಅದೇ ತೂಕದ್ದು ಇನ್ನೊಂದು ಮಾಡಲು ಯಾವ ಬಡಿಗನಿಂದಾದೀತು? ಅದನ್ನು ಕೇಳಿದ ರುಕ್ಮಿಣಿಬಾಯಿ ಹೋಗಿ ಹಿತ್ತಲಲ್ಲಿ ಕೋಳಿಮರಿ ಮುಚ್ಚಿಟ್ಟಿದ್ದ ಬಟ್ಟಲನ್ನು ತೆಗೆದುಕೊಂಡು ಬಂದರು. ಬೀಜ ಹಾದುಹೋದ ಕಟ್ಟಿಗೆಯನ್ನು ಒಲೆಗೆ ಹಾಕಬಾರದೆಂಬುದು ಅವರ ತವರಿನ ನೇಮ. ಗಂಡ ಹೇಳಿದ್ದರೂ ಹಾಕಿರಲಿಲ್ಲ. "ಇವರ ಮಾತು ಕೇಳಿದ್ರ ಇಷ್ಟೊತ್ತಿಗೆ ನಮ್ಮ ಮನಿ ಬಾಗಲಾನೂ ಒಲ್ಯಾಗ ಇರ್ತಿತ್ರಿ" ಎಂದು ಅವರು ಈಗಲೂ ಆಡಿಕೊಳ್ಳುತ್ತಾರೆ. ವೈಜಿನಾಥರು ತಲೆ ತಗ್ಗಿಸಿ ನಗುತ್ತಾರೆ. "ಚಂದ ಮಾಡೋದು ನನ್ನ ಹಠ ಇತ್ರಿ. ಕೂಸು ಕೇಳಿದ್ದಿಲ್ಲ" ಎನ್ನುತ್ತಾರೆ.

ಆ ಸಾಗವಾನಿ ಕೂರಿಗೆ ಇನ್ನೂ ಇದೆ, ಚಪ್ಪರದ ಮೂಲೆಯಲ್ಲಿ. ಮೂರು ವರ್ಷದಲ್ಲಿ ಯಾವ ಮಗುವೂ ಅದರ ಹತ್ತಿರ ಹೋಗಿಲ್ಲ. ಗೌಹರಳ ಸುದ್ದಿ ಕೇಳಿ ಅಂಥ ಮಕ್ಕಳ ತಾಯಂದಿರು ಒಬ್ಬೊಬ್ಬರಾಗಿ ಅಮಾಸಿಗೆ ಬರತೊಡಗಿದ್ದರು. ದಿನಾ ಸಂಜೆ ಗಿರಾಕಿಗಳ ಕೆಲಸ ಮುಗಿದ ಮೇಲೆ ದೀಪ ಹಚ್ಚುವ ತನಕ ಒಂದು ತಾಸು ವೈಜಿನಾಥರು ಮಕ್ಕಳ ಸಾಮಾನು ಮಾಡುತ್ತಾರೆ. ಒಂದು ಗುಂಡು ಒರಟು ಕಳೆಯಲು ಅರ್ಧ ತಾಸು. ಒಂದು ಹಗ್ಗಕ್ಕೆ ಹನ್ನೆರಡು ಗುಂಡು. ಬಣ್ಣ ಹಚ್ಚುವುದಿಲ್ಲ, ಮಕ್ಕಳು ಬಾಯಿಗೆ ಇಟ್ಟೇ ಇಡುತ್ತವೆ. ಕುಸುಬಿ ಎಣ್ಣೆ ಸವರುತ್ತಾರೆ. ಚಿಕ್ಕವರ ಕೈಗೆ ಕಾಳು ಕೊಡುವುದಿಲ್ಲ, ಮೂಗಿಗೆ ಸೇರಿಸಿಕೊಂಡಾವೆಂಬ ಭಯ. ಈವರೆಗೆ ಮಾಡಿದ್ದು ನಲವತ್ತೆರಡು ಸಾಮಾನು, ಅದರಲ್ಲಿ ಮಕ್ಕಳು ಒಲ್ಲೆನೆಂದದ್ದು ಹದಿನೇಳು. ಆ ಹದಿನೇಳನ್ನೂ ಎಸೆದಿಲ್ಲ, ತಪ್ಪು ನೆನಪಿರಲೆಂದು ಇಟ್ಟಿದ್ದಾರೆ.

ಏಳೂವರೆಗೆಲ್ಲ ತಾಯಂದಿರು ಬರತೊಡಗುತ್ತಾರೆ. ಚಿಂತಾಕಿಯ ಸುಮಿತ್ರಾಬಾಯಿ ನಿನ್ನೆ ಮಧ್ಯಾಹ್ನವೇ ಗಾಡಿ ಕಟ್ಟಿಸಿ ಹೊರಟವರು. ಅವರ ಐದು ವರ್ಷದ ಮಗ ಯಾರತ್ತಲೂ ನೋಡದೆ ನೇರ ಹೋಗಿ ಗಾಲಿಯ ಮುಂದೆ ಕೂರುತ್ತಾನೆ. ಗಾಲಿ ಇರುವ ಜಾಗಕ್ಕೆ ಸುಣ್ಣದ ಗುರುತಿದೆ. ತಿಂಗಳಿಂದ ತಿಂಗಳಿಗೆ ಅದು ಒಂದು ಬೆರಳೂ ಅತ್ತಿತ್ತ ಆಗಬಾರದು. "ಮೊದಲ ಇವನ ಕೈ ಹಿಡ್ಕೊಂಡು ಅಳ್ತಿದ್ದೆರಿ. ಈಗ ಕೈ ಬಿಟ್ಟು ಕುಂತು ನೋಡ್ತೇನಿ" ಎನ್ನುತ್ತಾರೆ ಸುಮಿತ್ರಾಬಾಯಿ. ಗಾಡಿ ಹೊಡೆದುಕೊಂಡು ಬಂದವರು ರಸ್ತೆಯ ಬದಿಯಲ್ಲಿ ಕೂತು, ದೀಪಾವಳಿಯ ಹೊತ್ತಿಗೆ ಬೀದರು ಯಾವ ರಾಜ್ಯಕ್ಕೆ ಸೇರುತ್ತದೆಂದು ವಾದಕ್ಕಿಳಿದಿದ್ದಾರೆ. ಯಾವ ರಾಜ್ಯವಾದರೂ ಅಮಾಸಿ ತಪ್ಪುವುದಿಲ್ಲವಲ್ಲ ಎಂದು ವೈಜಿನಾಥರು ಒಳಗಿನಿಂದಲೇ ತೀರ್ಪು ಕೊಡುತ್ತಾರೆ.

ಒಂಬತ್ತು ದಾಟಿದ ಮೇಲೆ ಫಕ್ರೋದ್ದೀನ ಬರುತ್ತಾರೆ. ಎತ್ತರದ ಆಳು, ಬಿಳಿ ಗಡ್ಡ, ಹೆಗಲಿಗೆ ಚೀಲ. ಕೆಟ್ಟ ಮನುಷ್ಯರಲ್ಲ. ತಂಗಿಯ ಮನೆಗೆ ಎಂಟು ವರ್ಷದಿಂದ ವರ್ಷದ ಜೋಳ ಕಳಿಸುತ್ತಿರುವವರು ಅವರೇ, ಅದಕ್ಕೇ ವಜೀರಬೀಗೆ ಎದುರಾಡಲು ಬಾಯಿಲ್ಲ. ಅವರು ನಿಂತಲ್ಲಿಂದಲೇ ಸೋದರಸೊಸೆಯನ್ನು ಹೆಸರು ಹಿಡಿದು ಕರೆಯುತ್ತಾರೆ. ಗೌಹರ ಬಿರುಕಿನ ಬಟ್ಟಲಿಗೆ ಕಾಳು ಬಿಡುತ್ತಲೇ ಇದ್ದಾಳೆ. ಎರಡನೆಯ ಸಲ ಕರೆಯುತ್ತಾರೆ. ಮೂರನೆಯ ಸಲ ಕರೆಯದೆ ವೈಜಿನಾಥರ ಕಡೆ ತಿರುಗುತ್ತಾರೆ.

"ಮೂರ ವರ್ಷ ಕಟಗಿ ಜೋಡಿ ಆಡ್ಯಾಳ. ಹೆಸರ ಕರದ್ರ ಓ ಅನ್ನಂಗಿಲ್ಲ. ಹೋದ ವರ್ಷ ಭಾಲ್ಕಿ ಟೇಸನ್ನಿನಾಗ ಏನ್ ಮಾಡ್ಯಾಳ ಗೊತ್ತದೇನ್ ನಿಮಗ? ಪಟ್ರಿ ಮ್ಯಾಲ ಮಲಗಿದ್ಲು. ಗಾಡಿ ಬರ್ಲಿಕ್ಕತ್ತಿತ್ತು. ನಾ ಹಾರಿ ಎತ್ತಿಕೊಂಡೇನಿ. ಕಟ್ಟಿದ್ರ ಜೀವರ ಉಳೀತದ ಬಡಗೇರ."

ವೈಜಿನಾಥರ ಬಳಿ ಇದಕ್ಕೆ ಉತ್ತರ ಇಲ್ಲದಿಲ್ಲ. ಹುಡುಗಿ ಮಲಗಿದ್ದಲ್ಲ, ಹಳಿಗೆ ಕಿವಿ ಇಟ್ಟಿದ್ದಳು, ಕೊಳವೆಗೆ ಇಡುವ ಹಾಗೆ. ಆ ಸುದ್ದಿ ಕೇಳಿದ ದಿನವೇ ಅವರು ಒಂದು ಗೇಣು ಬಿದಿರಿನೊಳಗೆ ತೊಗರಿ ತುಂಬಿ ಎರಡೂ ಬಾಯಿ ಮುಚ್ಚಿ ಕೊಟ್ಟಿದ್ದಾರೆ. ಹೊರಗೆ ಹೋದಲ್ಲೆಲ್ಲ ಅವಳು ಅದನ್ನು ಕಿವಿಗೆ ಹಚ್ಚಿ ಮೇಲೆ ಕೆಳಗೆ ಮಾಡುತ್ತ ನಡೆಯುತ್ತಾಳೆ, ಹಳಿಯ ಕಡೆ ಹೊರಳಿಲ್ಲ. ಇದನ್ನೆಲ್ಲ ಮೆಲ್ಲಗೆ ಹೇಳಿ, ಕೊನೆಗೆ ಒಂದು ಮಾತು ಸೇರಿಸುತ್ತಾರೆ.

"ಆ ದರ್ಗಾದ ಅಜ್ಜನ ಮ್ಯಾಲ ನನಗೂ ಭಕ್ತಿ ಅದರಿ. ವರ್ಷಾ ಉರುಸಿಗೆ ಸಕ್ರಿ ಓದಿಸಿ ಬರ್ತೇನಿ. ಸರಪಳಿ ಮ್ಯಾಲ ಭಕ್ತಿ ಹುಟ್ಟವಲ್ದು, ಏನ್ ಮಾಡ್ಲಿ?"

ಫಕ್ರೋದ್ದೀನ ಚೀಲದಿಂದ ಸರಪಳಿ ತೆಗೆದು ಹಲಗೆಯ ಮೇಲಿಡುತ್ತಾರೆ. ಹೊಸದು, ತೆಳ್ಳಗಿನದು, ತುದಿಗೊಂದು ಕೊಂಡಿ. ಮಗುವಿನ ಕಾಲಿಗೆ ಭಾರವಾಗದಿರಲೆಂದು ಹುಡುಕಿ ತಂದಿರಬೇಕು. ರುಕ್ಮಿಣಿಬಾಯಿ ಚಹಾ ಕೊಡುತ್ತಾರೆ. ಮಧ್ಯಾಹ್ನದ ರೈಲಿಗೆ ಹೊರಡಬೇಕೆಂದು ಫಕ್ರೋದ್ದೀನ ತಂಗಿಗೆ ಹೇಳುತ್ತಾರೆ. ವಜೀರಬೀ ಸೆರಗಿನ ತುದಿ ಬಾಯಿಗಿಟ್ಟುಕೊಂಡು ತಲೆ ಆಡಿಸುತ್ತಾರೆ.

ಸರಪಳಿ ಹಲಗೆಗೆ ತಾಗಿದ ಸದ್ದಿಗೆ ಗೌಹರಳ ಕೈ ನಿಂತಿದೆ. ಅವಳು ಎದ್ದು ಬರುತ್ತಾಳೆ. ಮಾವನ ಮುಖ ನೋಡುವುದಿಲ್ಲ. ಸರಪಳಿಯ ಒಂದೊಂದೇ ಉಂಗುರದ ಮೇಲೆ ಬೆರಳಾಡಿಸುತ್ತ ಈ ತುದಿಯಿಂದ ಆ ತುದಿಗೆ ಹೋಗುತ್ತಾಳೆ. ಎತ್ತಿಕೊಳ್ಳುತ್ತಾಳೆ. ಬಿರುಕಿನ ಬಟ್ಟಲಿನತ್ತ ಒಂದು ಹೆಜ್ಜೆ ಇಟ್ಟು ನಿಲ್ಲುತ್ತಾಳೆ. ಅದು ಕಾಳಿನ ಜಾಗ. ತಿರುಗಿ, ಮೂರು ವರ್ಷದಲ್ಲಿ ಒಮ್ಮೆಯೂ ಹೋಗದ ಮೂಲೆಗೆ ಹೋಗಿ ಸಾಗವಾನಿ ಕೂರಿಗೆಯ ಮುಂದೆ ಕೂರುತ್ತಾಳೆ. ವೈಜಿನಾಥರು ಹೆಂಡತಿಯ ಕಡೆ ನೋಡುತ್ತಾರೆ. ರುಕ್ಮಿಣಿಬಾಯಿ ತುಟಿಗೆ ಬೆರಳಿಡುತ್ತಾರೆ.

ಸರಪಳಿಯ ಕೊಂಡಿಯ ತುದಿಯನ್ನು ಗೌಹರ ಬಟ್ಟಲಿನ ನಡುವಿನ ಕೊಳವೆಗೆ ಇಳಿಬಿಡುತ್ತಾಳೆ. ಅದು ಗಿರ್ರೆಂದು ಜಾರುತ್ತದೆ. ಅವಳು ಕೊಳವೆಗೆ ಕಿವಿ ಕೊಡುತ್ತಾಳೆ. ಮುಖದ ಮೇಲೆ ನಗುವಿನಂಥದ್ದೊಂದು ಬಂದು ನಿಲ್ಲುತ್ತದೆ. ಮೇಲಿನ ತುದಿಯೊಂದೇ ಬಟ್ಟಲಲ್ಲಿ ಉಳಿದಾಗ ಎದ್ದು ಬಂದು ಮಾವನ ಮಣಿಕಟ್ಟು ಹಿಡಿಯುತ್ತಾಳೆ. ಎಳೆಯುತ್ತಾಳೆ. ಫಕ್ರೋದ್ದೀನ ಚಹಾದ ಬಟ್ಟಲು ಕೆಳಗಿಟ್ಟು ಅವಳ ಹಿಂದೆ ಹೋಗುತ್ತಾರೆ. ಹುಡುಗಿ ಅವರ ಅಂಗೈಗೆ ಒಂದು ಜೋಳದ ಕಾಳಿಟ್ಟು ಆ ಕೈಯನ್ನು ಬಟ್ಟಲಿನ ಮೇಲೆ ತಂದು ಬಿಡುತ್ತಾಳೆ. ಕಾಯುತ್ತಾಳೆ.

"ನಿಮ್ಮ ಸರದಿ ರಿ" ಎನ್ನುತ್ತಾರೆ ರುಕ್ಮಿಣಿಬಾಯಿ, ಪಿಸುದನಿಯಲ್ಲಿ.

ಫಕ್ರೋದ್ದೀನ ಕಾಳು ಬಿಡುತ್ತಾರೆ. ಗೌಹರ ಒಂದು ಬಿಡುತ್ತಾಳೆ. ಮತ್ತೆ ಮಣಿಕಟ್ಟು, ಮತ್ತೆ ಕಾಳು. ಐದನೆಯ ಸಲಕ್ಕೆ ಅವರ ಕೈ ತಾನಾಗಿ ಏಳುತ್ತದೆ. ಹೆಸರಿಗೆ ಓ ಎನ್ನದ ಹುಡುಗಿ, ಆ ಕೈ ತಡವಾದರೆ ತಲೆ ಎತ್ತಿ ಆ ಕೈಯನ್ನು ನೋಡುತ್ತಾಳೆ. ತನ್ನನ್ನು ಯಾರೋ ಕಾಯುತ್ತಿದ್ದಾರೆಂದು ತಿಳಿದಾಗ ಮನುಷ್ಯನ ಮುಖ ಹೇಗಾಗುತ್ತದೋ, ಫಕ್ರೋದ್ದೀನರ ಮುಖ ಹಾಗಾಗುತ್ತದೆ.

ಬಹಳ ಹೊತ್ತಿನ ಮೇಲೆ ಅವರು ಸರಪಳಿ ಎಳೆಯುತ್ತಾರೆ. ಬರುವುದಿಲ್ಲ. ತುದಿಯ ಕೊಂಡಿ ಬಿದಿರಿನ ಒಳಗಂಟಿಗೆ ಸಿಕ್ಕಿಕೊಂಡಿದೆ, ಮೇಲೆ ಜೋಳ ಕೂತಿದೆ. ತೆಗೆದುಕೊಡಿ ಎಂದು ಬಡಿಗರನ್ನು ಕೇಳುತ್ತಾರೆ. ವೈಜಿನಾಥರು ಕೊಳವೆಗೆ ಬೆರಳು ಬಡಿದು ನೋಡುತ್ತಾರೆ. ಆಮೇಲೆ ಧೋತರ ಹೊದ್ದು ಮಲಗಿದ ಹತಾರಗಳ ಕಡೆ ನೋಡುತ್ತಾರೆ.

"ಕೊಳವಿ ಸೀಳಬೇಕ್ರಿ. ಉಳಿ ಬೇಕು. ಇವತ್ತ ಅಮಾಸಿ."

ಫಕ್ರೋದ್ದೀನ ಸರಪಳಿಯ ಮೇಲಿನ ತುದಿ ನೋಡುತ್ತಾರೆ, ಬಡಿಗರನ್ನು ನೋಡುತ್ತಾರೆ, ಮತ್ತೆ ತಮ್ಮ ಮಣಿಕಟ್ಟು ಹಿಡಿದ ಪುಟ್ಟ ಕೈ ನೋಡುತ್ತಾರೆ.

"ನಿಮ್ಮ ಅಮಾಸಿ ಭಾಳ ಶ್ಯಾಣ್ಯಾ ಅದ ಬಡಗೇರ" ಎನ್ನುತ್ತಾರೆ.

ಮೊದಲು ನಗುವುದು ರುಕ್ಮಿಣಿಬಾಯಿ. ವಜೀರಬೀ ನಗುವುದಿಲ್ಲ. ಬೇವಿನ ಬುಡಕ್ಕೆ ಬೆನ್ನು ಕೊಟ್ಟು ಉದ್ದಕ್ಕೆ ಉಸಿರು ಬಿಡುತ್ತಾರೆ, ಎಷ್ಟೋ ದಿನದಿಂದ ಹೊತ್ತುಕೊಂಡದ್ದನ್ನು ಇಳಿಸಿದ ಹಾಗೆ. ರುಕ್ಮಿಣಿಬಾಯಿ ರೊಟ್ಟಿ ತಂದು ಮುಂದಿಡುತ್ತಾರೆ. ಅವರು ತಿನ್ನತೊಡಗುತ್ತಾರೆ. ಮಧ್ಯಾಹ್ನದ ರೈಲಿಗೆ ಫಕ್ರೋದ್ದೀನ ಒಬ್ಬರೇ ಹೊರಡುತ್ತಾರೆ. ಬಿತ್ತನೆ ಬಾಕಿಯಿದೆ, ಸರಪಳಿಗೆ ಇನ್ನೊಮ್ಮೆ ಬರುತ್ತೇನೆ ಎಂದು ಹೇಳಿ ಹೋಗುತ್ತಾರೆ. ಹರಕೆಯನ್ನು ಸಕ್ಕರೆಗೆ ಫಾತಿಹಾ ಓದಿಸಿ ತೀರಿಸಿದರಾಯಿತು, ಅಜ್ಜ ಕೇಳಿಕೊಂಡಾನು ಎಂಬ ವೈಜಿನಾಥರ ಮಾತಿಗೆ ಅವರು ಇಲ್ಲವೆನ್ನುವುದಿಲ್ಲ.

ಇದನ್ನು ಅಚ್ಚಿಗೆ ಕೊಡುವ ಹೊತ್ತಿಗೆ ಇನ್ನೆರಡು ಅಮಾಸಿ ಕಳೆದು ಮೂರನೆಯದು ಬಂದಿದೆ. ಮಳೆ ಚೆನ್ನಾಗಿದೆ, ಚಪ್ಪರ ಎರಡು ಕಡೆ ಸೋರುತ್ತಿದೆ, ಮಕ್ಕಳು ಹದಿಮೂರಾಗಿದ್ದಾರೆ. ಗೌಹರಳಿಗೆ ಮಾತು ಬಂದಿಲ್ಲ. ಬರುತ್ತದೆಂದು ವೈಜಿನಾಥರು ಯಾರಿಗೂ ಹೇಳುವುದಿಲ್ಲ. ಆದರೆ ಹೊಸದಾಗಿ ಬಂದ ಮೂರು ವರ್ಷದ ಮಗುವಿನ ಮಣಿಕಟ್ಟು ಹಿಡಿದು ಗುಂಡುಗಳ ಹಗ್ಗದ ಬಳಿ ಕರೆದೊಯ್ಯುವವಳು ಈಗ ಅವಳೇ. ಸಾಗವಾನಿ ಕೂರಿಗೆಯ ನಡುಗೊಳವೆಯಲ್ಲಿ ಸರಪಳಿ ಹಾಗೆಯೇ ಇದೆ.

ಇಷ್ಟೆಲ್ಲ ಮಾಡುವವರಿಗೆ ಏನು ಬೇಕು ಎಂಬ ಪ್ರಶ್ನೆಗೆ ವೈಜಿನಾಥರು ತಗಡು ಕೇಳಬಹುದು, ಬಿದಿರು ಕೇಳಬಹುದು. ಎರಡನ್ನೂ ಕೇಳುವುದಿಲ್ಲ.

"ಔರಾದಿನಾಗೂ ಬಡಗ್ಯಾರದಾರ, ಭಾಲ್ಕ್ಯಾಗೂ ಅದಾರ. ಅಮಾಸಿಗೆ ಎಲ್ಲಾರ ಕೈನೂ ಖಾಲಿನೇ ಇರ್ತಾವ್ರಿ. ಅಷ್ಟ ಬರೀರಿ."

ಮಾತು ಮುಗಿಯುವಷ್ಟರಲ್ಲಿ ಬೇವಿನ ಮರದಾಚೆ ಎತ್ತರದ ಆಳೊಂದು ಕಾಣುತ್ತದೆ. ಫಕ್ರೋದ್ದೀನ. ಹೋದ ಅಮಾಸಿಗೂ ಬಂದಿದ್ದರು. ಇವತ್ತು ಹೆಗಲ ಮೇಲೆ ಚೀಲವಿಲ್ಲ, ಹಿತ್ತಲ ಬಿದಿರಿನ ಒಂದು ಹೊರೆಯಿದೆ. ಅದನ್ನು ಇಳಿಸಿ ಬೆವರು ಒರೆಸಿಕೊಂಡು, ಸರಪಳಿ ತೆಗೆದಿಟ್ಟಿದ್ದೀರಾ ಎಂದು ಕೇಳುತ್ತಾರೆ.

"ಇವತ್ತ ಅಮಾಸಿ ಅದರಿ ಸಾಹೇಬರ" ಎನ್ನುತ್ತಾರೆ ವೈಜಿನಾಥ.

"ಹೌದಲ್ಲಾ. ಮರತೇ ಬಿಟ್ಟಿದ್ದೆ ನೋಡ್ರಿ."

ಹೇಳಿ, ಕೂರಿಗೆಯ ಮುಂದೆ ಚಕ್ಕಳಮಕ್ಕಳ ಹಾಕಿ ಕೂತು, ಅಂಗೈ ಬಿಚ್ಚಿ, ತಮ್ಮ ಸರದಿಗೆ ಕಾಯುತ್ತಾರೆ.